ಕಟ್ಟಡಕ್ಕೊಂದು ಜಗಲಿ

ಆಗೂದ ಇಲ್ಲ ಅಂದವನು ನಮ್ಮ ಬೀರಪ್ಪ ಕಾಕಾ. ಬೇರೆ ಯಾರಾದರೂ ಅಂದಿದ್ದರೆ ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅಪ್ಪನ ಬೆನ್ನಿಗೆ ಹುಟ್ಟಿದವನು. ಮನೆಯ ಕುರಿಗಳೆಲ್ಲ ಅವನ ಒಂದು ಸಿಳ್ಳಿಗೆ ನಿಲ್ಲುತ್ತಿದ್ದವು. ಮನೆಯ ಮಂದಿಯೂ ಹೆಚ್ಚುಕಡಿಮೆ ಹಾಗೇ. ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ ಎಂದು ಮಮದಾಪುರದ ನಮ್ಮ ಮನೆಯ ಕಟ್ಟೆ ಮೇಲೆ ಕೂತು ಅಪ್ಪ ಹೇಳಿದಾಗ ಕಾಕಾ ಅಂಗಳದಲ್ಲಿ ಕಂಬಳಿ ಕೊಡವುತ್ತಿದ್ದ. ಕೊಡವುವುದನ್ನು ನಿಲ್ಲಿಸಲೂ ಇಲ್ಲ.

“ಆಗೂದ ಇಲ್ಲ ತಗೋ ಯಣ್ಣಾ. ನಮ್ಮದು ನಿಂತು, ನಡದು ಬಾಳೇವು ಮಾಡೂ ಮಂದಿ. ಕುಂತ ಮಾಡೂ ಕೆಲಸಾ ನಮ್ಮ ಮೈಗೇ ಬಂದಿಲ್ಲ. ಆರ ತಿಂಗಳದಾಗ ಎದ್ದ ಬರ್ತಾಳ ನೋಡ.”

ಸಿಟ್ಟಿನಿಂದ ಅಂದದ್ದಲ್ಲ. ಈ ಮರಿ ಬದುಕಲಿಕ್ಕಿಲ್ಲ ಎಂದು ಹೇಳುವಾಗ ಅವನ ದನಿ ಹೇಗಿರುತ್ತಿತ್ತೋ ಹಾಗೇ ಇತ್ತು. ಅದಕ್ಕೇ ಅದು ನನಗೆ ಹೆಚ್ಚು ನಟ್ಟಿತು.

ಕಾಕಾ ಅರ್ಧ ಖರೆ ಹೇಳಿದ್ದ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನಗೆ ಕೂರಲು ಬರುತ್ತಿರಲಿಲ್ಲ. ಸಾಲಿಗೆ ಹೋಗುವಾಗಲೂ ಪಾಠವನ್ನು ನಡೆಯುತ್ತಲೇ ಬಾಯಿಪಾಠ ಮಾಡಿದವಳು ನಾನು. ಕುರಿಗಳ ಹಿಂದೆ ಪುಸ್ತಕ ಹಿಡಿದು ನಡೆದರೆ ಒಂದು ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಒಂದು ಪದ್ಯ ಬರುತ್ತಿತ್ತು. ಅದೇ ಪದ್ಯ ಬೆಂಚಿನ ಮೇಲೆ ಕೂತರೆ ಕಾಲಲ್ಲಿ ಇರುವೆ ಹರಿದಾಡಿದ ಹಾಗಾಗಿ ಮರೆತೇ ಹೋಗುತ್ತಿತ್ತು. ಇಂಜಿನಿಯರಿಂಗ್ ಗಣಿತ ಮಾತ್ರ ನಡೆಯುತ್ತ ಬರುವಂಥದ್ದಲ್ಲ. ಮೊದಲ ವರ್ಷವೇ ಅದು ನನ್ನನ್ನು ಕೆಡವಿತು. ಎರಡನೆಯ ವರ್ಷ ಅದರ ಜೊತೆಗೆ ಇನ್ನೊಂದು ವಿಷಯವೂ ಉಳಿಯಿತು.

ಇದೆಲ್ಲ ಈಗ ನೆನಪಾದದ್ದು ಒಂದು ಟ್ಯೂಬ್‌ಲೈಟಿನಿಂದ. ದಡ್ಡಿಯ ಹತ್ತಿರ ಒಂದು ಸಾಲಿ ಕಟ್ಟಡದ ಕೆಲಸ ನಡೆದಿದೆ, ನಾನು ಅಲ್ಲಿ ಸೈಟ್ ಇಂಜಿನಿಯರ್. ತಗಡಿನ ಶೆಡ್ಡೇ ನಮ್ಮ ಆಫೀಸು. ಮೊನ್ನೆ ಸಂಜೆ ಮೇಸ್ತ್ರಿ ಬಂದು ಟ್ಯೂಬ್ ಹಚ್ಚಿದ. ಅದು ಕಣ್ಣು ಪಿಳುಕಿಸಿ, ಸ್ವಲ್ಪ ಯೋಚನೆ ಮಾಡಿ, ಹತ್ತಿಕೊಂಡಿತು. ನಾನು ಕೈಯಲ್ಲಿದ್ದ ಅಳತೆ ಟೇಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿ, ಮತ್ತೆ ನಕಾಶೆಯ ಮೇಲೆ ಬಗ್ಗಿದೆ. ಹೊಸದಾಗಿ ಸೇರಿದ ಟ್ರೇನಿ ಹುಡುಗಿ ಕಿಸಕ್ಕನೆ ನಕ್ಕಳು.

“ಮೇಡಂ, ಟ್ಯೂಬ್‌ಲೈಟಿಗೆ ನಮಸ್ಕಾರ ಮಾಡಿದ್ರಿ?”

“ನಾನಾ? ಯಾವಾಗ?”

ಮೇಸ್ತ್ರಿಯನ್ನು ನೋಡಿದೆ. ಅವನ ಕೈ ಇನ್ನೂ ಎದೆಯ ಹತ್ತಿರವೇ ಇತ್ತು.

ನೀವು ನಮ್ಮ ಕಡೆಯವರಾದರೆ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಹುಶಃ ನೀವೂ ಹೀಗೇ ಮಾಡುತ್ತೀರಿ, ಮಾಡುತ್ತೀರೆಂದು ನಿಮಗೂ ಗೊತ್ತಿಲ್ಲ. ನಾನು ಸಣ್ಣವಳಿದ್ದಾಗ ದೀಪ ಹಚ್ಚುವ ಹೊತ್ತು ಅಂದರೆ ದಿನದ ಒಂದು ಬೇರೆಯೇ ತುಂಡು. ಆ ಹೊತ್ತಿಗೆ ಕಸ ಗುಡಿಸಬಾರದು, ಅಡ್ಡಾಗಬಾರದು, ಹೊಸ್ತಿಲ ಮೇಲೆ ಕೂರಬಾರದು, ಮುಂದಿನ ಬಾಗಿಲು ತೆರೆದಿರಬೇಕು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಚಿಮಣಿಯ ಗಾಜನ್ನು ಬೂದಿ ಹಚ್ಚಿ ತಿಕ್ಕಿ, ದೀಪ ಹಚ್ಚಿ, ಮೊದಲು ದೇವರನ್ನು ಕೂರಿಸಿದ ಜಗಲಿಗೆ ತೋರಿಸಿ ಆಮೇಲೆ ಗೂಡಿನಲ್ಲಿ ಇಡುತ್ತಿದ್ದಳು. ನಾವೆಲ್ಲ ಎಲ್ಲಿದ್ದರಲ್ಲೇ ಕೈ ಮುಗಿಯುತ್ತಿದ್ದೆವು. ಮುಂದೆ ಕರೆಂಟು ಬಂತು. ಚಿಮಣಿ ಅಟ್ಟ ಹತ್ತಿತು. ಕೈ ಮುಗಿಯುವುದು ಮಾತ್ರ ಬಲ್ಬಿಗೆ ವರ್ಗವಾಯಿತು. ದೀಪ ‘ಆರಿಸು’ ಎನ್ನುವ ಮಾತನ್ನು ಆಯಿಯ ಮುಂದೆ ಯಾರೂ ಬಾಯಿಗೆ ತರುವ ಹಾಗಿರಲಿಲ್ಲ. ‘ಶಾಂತ ಮಾಡು’ ಅನ್ನಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಏನೆಂದರೆ ಆ ಹೊತ್ತಿಗೆ ಮಂದಿ ಇರುವ ಮನೆ ಕತ್ತಲಾಗಿರಬಾರದು.

ಆ ಆಯಿಯ ಮಗಳೇ ನನ್ನ ಸತ್ಯವ್ವ ಅತ್ತಿ. ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಗೋಕಾಕದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಾಂಟ್ರಾಕ್ಟರನ ಕೈಕೆಳಗೆ ಕಸಗುಡಿಸುವ ಕೆಲಸಕ್ಕೆ ಸೇರಿದ್ದಳು. ಕಟ್ಟಡದ ಬೀಗದ ಕೈಗಳೆಲ್ಲ ಅವಳ ಸೊಂಟದಲ್ಲಿ. ಕಟ್ಟಡದ ಹಿಂದೆ ಅವಳಿಗೊಂದು ಕೋಣೆ ಕೊಟ್ಟಿದ್ದರು. ನನ್ನ ಓದು ಸಾಧ್ಯವಾದದ್ದೇ ಆ ಒಂದು ಕೋಣೆಯಿಂದ. ಸೀಟು ಅಲ್ಲೇ ಸಿಕ್ಕಿತು, ಅತ್ತಿಯ ಜೊತೆ ಇದ್ದೆ. ಹಾಸ್ಟೆಲ್ಲಿಗೆ ಹಾಕಿ ಓದಿಸುವ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ. ಅತ್ತಿಯ ಕೆಲಸ ಇರುವ ತನಕ ಕೋಣೆ, ಕೋಣೆ ಇರುವ ತನಕ ನಾನು.

ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ಕಾಕಾ ಕುರಿ ಹೊಡೆದುಕೊಂಡು ಕಾಲೇಜಿನ ಎದುರಿನ ಗುಡ್ಡಕ್ಕೆ ಬರುತ್ತಿದ್ದ. ಹಗಲೆಲ್ಲ ಗುಡ್ಡದಲ್ಲಿ ಮೇವು. ಸಂಜೆ ಕೆಳಗಿಳಿದು ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವುದು. ಆಗಾಗ ಅಕ್ಕನ ಕೈಯ ರೊಟ್ಟಿ ತಿನ್ನಲು ಕೋಣೆಗೆ ಬರುತ್ತಿದ್ದ. ಕೋಲನ್ನು ಗೋಡೆಗೆ ಆನಿಸಿ ನನ್ನನ್ನು ನೋಡಿ ಕೇಳುವುದು ಒಂದೇ ಮಾತು:

“ಏನವಾ ಮಾಯವ್ವಾ, ಎದ್ದೇನು?”

“ಇನ್ನೂ ಇಲ್ಲ ಕಾಕಾ.”

“ಇರ್ಲಿ ಇರ್ಲಿ. ಅವಸರ ಏನೈತಿ?”

ನಾನು ಹಲ್ಲು ಕಚ್ಚಿಕೊಂಡು ಪುಸ್ತಕ ಹಿಡಿದು ಹೊರಗೆ ಹೋಗಿ ಕಟ್ಟಡದ ಸುತ್ತ ನಡೆಯುತ್ತಿದ್ದೆ. ನನ್ನ ಗೆಳತಿ ಶಿವಲೀಲಾ ಅದಕ್ಕೆ ಪ್ರದಕ್ಷಿಣೆ ಎಂದು ಹೆಸರಿಟ್ಟಿದ್ದಳು. “ಇಷ್ಟು ಸುತ್ತು ಹಾಕಿದ್ರ ದೇವ್ರಾದ್ರೂ ಪಾಸ್ ಮಾಡ್ತಿದ್ದ ಬಿಡ, ಯುನಿವರ್ಸಿಟಿ ಮಾಡವಲ್ದು.”

ಶಿವಲೀಲಾ ಹುಕ್ಕೇರಿಯವಳು. ಕಿರಾಣಿ ಅಂಗಡಿಯವರ ಮಗಳು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿಕೊಂಡು, ನಾಲಿಗೆ ಮಸೆದುಕೊಂಡು ಬರುತ್ತಿದ್ದಳು. ನಮ್ಮ ಜೊತೆ ಮೂರನೆಯವನು ಮೂಡಲಗಿಯ ಇರ್ಫಾನ್. ಅವನ ಅಪ್ಪ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವವರು. ಇರ್ಫಾನ್ ತೊಟ್ಟಿಲಿನಿಂದ ಇಳಿದದ್ದೇ ಟೆಸ್ಟರ್ ಹಿಡಿದುಕೊಂಡು ಎಂದು ನಮಗೆಲ್ಲ ಅನುಮಾನ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ಮೂವರೂ ಒಂದಾದೆವು. ನಮ್ಮ ಕಟ್ಟಡ ನೀರು, ಕರೆಂಟನ್ನು ಎಲ್ಲೆಲ್ಲಿ ಹಾಳು ಮಾಡುತ್ತಿದೆ, ಅದನ್ನು ಹೇಗೆ ನಿಲ್ಲಿಸಬಹುದು ಎಂಬುದು ವಿಷಯ. ಆರಿಸಿದ್ದು ನಾನೇ. ಸುತ್ತು ಹಾಕಿ ಹಾಕಿ ಆ ಕಟ್ಟಡದ ಮೈಯೆಲ್ಲ ಪರಿಚಯವಾಗಿತ್ತಲ್ಲ. ಎಲ್ಲಿ ನೀರಿನ ಟಾಕಿ ತುಂಬಿ ಸೋರುತ್ತದೆ, ಯಾವ ಗೋಡೆಗೆ ಪಾಚಿ ಕಟ್ಟಿದೆ, ಯಾರೂ ಇಲ್ಲದ ಯಾವ ಲ್ಯಾಬಿನಲ್ಲಿ ಫ್ಯಾನು ತನ್ನಷ್ಟಕ್ಕೆ ತಾನು ಗಾಳಿ ಹಾಕಿಕೊಳ್ಳುತ್ತಿದೆ ಎಲ್ಲ ನನಗೆ ಗೊತ್ತಿತ್ತು.

ಶುರುವಿನಲ್ಲಿ ಎಲ್ಲ ಸುಲಭವಾಗಿಯೇ ಆಯಿತು. ಡ್ರಾಯಿಂಗ್ ಹಾಲಿನಲ್ಲಿ ಹಾಡುಹಗಲೇ ಟ್ಯೂಬು ಉರಿಯುತ್ತಿತ್ತು. ಯಾಕೆಂದರೆ ಅಲ್ಲಿ ಕಿಟಕಿಗಳೇ ಇಲ್ಲ. ಹೊರಗಿನಿಂದ ನೋಡಿದರೆ ಇವೆ, ಒಳಗಿನಿಂದ ಇಲ್ಲ! ಯಾವುದೋ ಕಾಲದಲ್ಲಿ ಕಬ್ಬಿಣದ ಕಪಾಟುಗಳನ್ನು ತಂದು ಕಿಟಕಿಗಳಿಗೆ ಅಡ್ಡ ನಿಲ್ಲಿಸಿ ಎಲ್ಲರೂ ಮರೆತುಬಿಟ್ಟಿದ್ದರು. ನಾವು ಅವನ್ನು ಸರಿಸಿದೆವು. ಹಿಂದೆ ಒಂದು ಗುಬ್ಬಿ ಗೂಡು, ಯಾರೋ ಹಳೆಯ ವಿದ್ಯಾರ್ಥಿ ಬಚ್ಚಿಟ್ಟ ಬುತ್ತಿ ಡಬ್ಬಿ, ಮತ್ತೆ ಅಷ್ಟು ಬೆಳಕು. ಮರುದಿನ ಕ್ಲಾಸಿಗೆ ಬಂದ ನಮ್ಮ ಗೈಡ್ ಸರ್ ಬಾಗಿಲಲ್ಲೇ ನಿಂತು, “ಇದು ನಮ್ಮ ಹಾಲ್ ಏನು?” ಎಂದರು. ಟಾಕಿಗೆ ನೀರು ತುಂಬಿದರೆ ತಾನೇ ನಿಲ್ಲುವ ಹಾಗೆ ಇರ್ಫಾನ್ ಏನೋ ತೇಲುವ ಗುಂಡು ಕೂರಿಸಿದ. ಹಿಂದಿನ ಗೋಡೆಯ ಪಾಚಿ ಒಣಗತೊಡಗಿತು. ನಮಗೆ ಕೊಂಬು ಮೂಡಿದವು.

ಆ ಹುರುಪಿನಲ್ಲೇ ಪ್ರತಿಯೊಂದು ಸ್ವಿಚ್ ಬೋರ್ಡಿನ ಮೇಲೂ ‘ಹೊರಗೆ ಹೋಗುವಾಗ ದೀಪ ಆರಿಸಿ’ ಎಂದು ಚೀಟಿ ಅಂಟಿಸಿದೆವು. ಎರಡು ದಿನದಲ್ಲಿ ಒಂದೂ ಉಳಿಯಲಿಲ್ಲ. ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು. ಫಸ್ಟ್ ಇಯರ್ ಹುಡುಗರ ಕಿತಾಪತಿ ಎಂದುಕೊಂಡೆವು.

ಆದರೆ ನಮ್ಮನ್ನು ನಿಜವಾಗಿ ಸತಾಯಿಸಿದ್ದು ಒಂದು ಗುಡ್ಡ. ಎದುರಿನದಲ್ಲ, ಕಾಗದದ ಮೇಲಿನದು. ಕಟ್ಟಡ ಇಡೀ ದಿನ ಎಷ್ಟು ಕರೆಂಟು ಎಳೆಯುತ್ತದೆ ಎಂದು ಇರ್ಫಾನ್ ಒಂದು ಸಣ್ಣ ಯಂತ್ರ ಕಟ್ಟಿ ಗೆರೆ ಬರೆಸಿದ್ದ. ಕಾಲೇಜು ಬಿಟ್ಟ ಮೇಲೆ ಗೆರೆ ಇಳಿಯಬೇಕಲ್ಲ? ಇಳಿಯುತ್ತಿತ್ತು. ಆದರೆ ಸಂಜೆ, ಎಲ್ಲರೂ ಬಸ್ಸು ಹತ್ತಿ ಹೋದ ಮೇಲೆ, ಖಾಲಿ ಕಟ್ಟಡದಲ್ಲಿ ಅದು ಗುಡ್ಡದ ಹಾಗೆ ಏರಿ, ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಇಳಿಯುತ್ತಿತ್ತು. ದಿನಾಲೂ. ರವಿವಾರ ಕೂಡ. ಹಗಲಿನಲ್ಲಿ ನಾವು ಉಳಿಸಿದ್ದನ್ನೆಲ್ಲ ಆ ಗುಡ್ಡ ತಿಂದುಬಿಡುತ್ತಿತ್ತು.

“ಕಳವು,” ಎಂದ ಇರ್ಫಾನ್. “ಬಾಜೂ ಹೊಲದವರು ಯಾರೋ ತಂತಿಗೆ ಕೊಕ್ಕಿ ಹಾಕಿ ಪಂಪ್ ಓಡಸ್ತಾರ. ನಾ ಇಂಥಾವು ರಗಡ ನೋಡೀನಿ.”

ಗೆರೆಯನ್ನು ಪ್ರಿನ್ಸಿಪಾಲರಿಗೆ ತೋರಿಸಿದೆವು. ಒಳ್ಳೆಯ ಮನುಷ್ಯ, ಆದರೆ ಕರೆಂಟ್ ಬಿಲ್ಲಿನ ವಿಷಯಕ್ಕೆ ಆಡಳಿತ ಮಂಡಳಿಯವರಿಂದ ಬೈಸಿಕೊಂಡು ಬೇಸತ್ತಿದ್ದರು. ಓದುವ ಕೋಣೆಯನ್ನು ಸಂಜೆ ಐದಕ್ಕೇ ಮುಚ್ಚಿಸಿದ್ದೂ ಅದೇ ಬಿಲ್ಲಿನ ದೆಸೆಯಿಂದ.

“ಹೊರಗಿನವರಾದ್ರ ಪೊಲೀಸರಿಗೆ ಕೊಡೂನು. ಒಳಗಿನವರಾದ್ರ, ಯಾರ ಆಗಿರ್ಲಿ, ಅವತ್ತ ಗೇಟಿನ ಹೊರಗ. ನೀವು ಹಿಡದ ಕೊಡ್ರಿ, ನಿಮ್ಮ ಪ್ರಾಜೆಕ್ಟು ಅಲ್ಲಿಗೆ ಪಾಸ್ ಅಂತ ತಿಳ್ಕೋರಿ,” ಎಂದರು.

ಹಿಡಿಯಲು ಹೊರಟೆವು. ಮೀಟರಿನ ಪೆಟ್ಟಿಗೆ ಕಟ್ಟಡದ ಹಿಂದಿನ ಗೋಡೆಗೆ. ಅಲ್ಲಿಂದ ಕಂಬಕ್ಕೆ ತಂತಿ. ಕಂಬದಾಚೆ ಕಬ್ಬಿನ ಹೊಲ. ಮನೆಗೆ ತಡವಾಗುತ್ತದೆಂದು ಹೇಳಿ ಬಂದಿದ್ದ ಶಿವಲೀಲಾ, ಇರ್ಫಾನ್, ನಾನು, ಮೂವರೂ ಸಂಜೆ ಜಾಲಿಗಿಡದ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಂಬವನ್ನು ಕಾದೆವು. ಕಟ್ಟಡಕ್ಕೆ ಬೆನ್ನು, ಕಂಬಕ್ಕೆ ಮುಖ. ಇರ್ಫಾನನ ಕೈಯಲ್ಲಿ ಕರೆಂಟ್ ಅಳೆಯುವ ಮೀಟರು. ಹೊತ್ತು ಮುಳುಗಿತು. ಇದ್ದಕ್ಕಿದ್ದಂತೆ ಇರ್ಫಾನ್, “ಎಳೀತು! ಈಗ ಎಳೀತು ನೋಡ!” ಎಂದು ಚೀರಿದ. ಮೂವರೂ ಕಂಬದ ಕಡೆ ಓಡಿದೆವು. ಕಂಬದ ಬುಡದಲ್ಲಿ ಒಂದು ಓತಿಕ್ಯಾತ ಇತ್ತು. ನಮ್ಮನ್ನು ನೋಡಿ ತಲೆ ಅಲ್ಲಾಡಿಸಿತು.

ಮರುದಿನವೂ ಹಾಗೇ. ಅದರ ಮರುದಿನ ಗೈಡ್ ಸರ್ ಏನೋ ಕೆಲಸ ಹೇಳಿದ್ದರಿಂದ ನಾನು ತಡವಾಗಿ ಬಂದೆ. ಹಿಂದಿನ ಮೂಲೆಯಿಂದ ತಿರುಗುವಾಗ ಅವರಿಬ್ಬರೂ ಜಾಲಿಗಿಡದ ಮರೆಯಲ್ಲಿ ಕೂತದ್ದು ಕಾಣುತ್ತಿತ್ತು. ಅಷ್ಟರಲ್ಲಿ ಅವರ ಮೇಲೆ ಬೆಳಕು ಬಿತ್ತು. ಶಿವಲೀಲಾ ಮಾತಾಡುತ್ತಿದ್ದವಳು ಮಾತು ನಿಲ್ಲಿಸಿ, ಕಟ್ಟಡದ ಕಡೆ ತಿರುಗಿ, ಕಣ್ಣು ಮುಚ್ಚಿ ಕೈ ಮುಗಿದು, ಮತ್ತೆ ಕಂಬದ ಕಡೆ ತಿರುಗಿ ಮಾತು ಮುಂದುವರಿಸಿದಳು. ಇರ್ಫಾನನೂ ತಿರುಗಿ ಬಲಗೈಯನ್ನು ಹಣೆಗೆ ಮುಟ್ಟಿಸಿ ಸಲಾಂ ಮಾಡಿದ. ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ದೀಪ ಹಚ್ಚಿದ ಕೂಡಲೇ ಮನೆಯಲ್ಲಿ ಅಜ್ಜಿಗೆ ಸಲಾಂ ಹೇಳಿ ಬೆಳೆದವನು ಅವನು. ಆ ಕೈ ಹಣೆಯಿಂದ ಇಳಿಯುವ ಮೊದಲೇ ಎಡಗೈಯಲ್ಲಿದ್ದ ಮೀಟರನ್ನು ನೋಡಿ ಕೂಗಿದ: “ಎಳೀತು!”

ನಾನು ಎಲ್ಲಿದ್ದೆನೋ ಅಲ್ಲೇ ನಿಂತೆ. ನನ್ನ ಕೈಯೂ ಜೋಡಿಸಿಯೇ ಇತ್ತು.

ಮೂರು ಮಹಡಿಯ ಕಿಟಕಿಗಳಲ್ಲಿ ಒಂದೊಂದಾಗಿ ದೀಪ. ಅತ್ತಿ ಒಂದೊಂದೇ ಬಾಗಿಲು ತೆರೆದು ಒಂದೊಂದೇ ಕೋಣೆಗೆ ದೀಪ ಹಚ್ಚುತ್ತ ಹೋಗುತ್ತಿದ್ದಳು. ನಾನು ಆ ಕಾಲೇಜಿಗೆ ಕಾಲಿಟ್ಟ ದಿನದಿಂದ ನೋಡಿದ್ದೆ. ಅಷ್ಟೇ ಯಾಕೆ, ಅವಳಿಗೆ ಕಾಲು ನೋವಿದ್ದ ದಿನ ಮೇಲಿನ ಮಹಡಿಗೆ ನಾನೇ ಹೋಗಿ ಹಚ್ಚಿ ಬಂದದ್ದೂ ಉಂಟು. ಆದರೆ ಅದು ದೀಪ ಹಚ್ಚುವುದಾಗಿತ್ತು. ಅದು ಕರೆಂಟು ಸುಡುವುದು ಎಂದು ನನಗೆ, ಆ ಕಟ್ಟಡದ ಕರೆಂಟಿನ ಲೆಕ್ಕ ಹಿಡಿದು ಕೂತವಳಿಗೆ, ಹೊಳೆದಿರಲೇ ಇಲ್ಲ.

ಇಬ್ಬರಿಗೂ ಹೇಳಿದೆ. ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ಶಿವಲೀಲಾ ನಗು ನಿಲ್ಲಿಸಿದಳು.

“ಮಾಯಾ, ಸರ್ ಏನಂದಾರ ನೆನಪೈತಿಲ್ಲ? ಅವತ್ತ ಗೇಟಿನ ಹೊರಗ ಅಂದಾರ.”

ನೆನಪಿತ್ತು. ಅತ್ತಿಯ ಕೆಲಸ ಹೋದರೆ ಕೋಣೆ ಹೋಯಿತು. ಕೋಣೆ ಹೋದರೆ, ಎರಡು ವಿಷಯ ಉಳಿಸಿಕೊಂಡು ಕೂತಿದ್ದ ನಾನು ಕೊನೆಯ ಹೊಸ್ತಿಲಲ್ಲಿ ಎದ್ದು ಮಮದಾಪುರದ ಬಸ್ಸು ಹತ್ತಬೇಕು. ಕಾಕಾ ಕೋಲು ಆನಿಸಿಕೊಂಡು ಕೇಳುವ ಮೊದಲೇ ಉತ್ತರ ತಯಾರಾಗುತ್ತಿತ್ತು.

“ಯಾರಿಗೂ ಹೇಳೂದ ಬ್ಯಾಡ,” ಎಂದ ಇರ್ಫಾನ್. “ಅತ್ತಿಗೆ ಹಚ್ಚಬ್ಯಾಡ ಅಂತ ಹೇಳಿಬಿಡು. ಗುಡ್ಡ ತಾನ ಕರಗತೈತಿ.”

ಅತ್ತಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಹೇಳಿದೆ.

“ಹಚ್ಚಬಾರದಂತ?” ತಟ್ಟುವ ಕೈ ನಿಂತಿತು. “ಹಂಗಾರ ಆ ಕೆಟ್ಟ ಮಾತು ಗ್ವಾಡಿಗಿ ಬರದಾವ್ರು ನೀವ ಏನು? ಒಬ್ಬ ಹುಡುಗನ ಕಡಿಂದ ಓದಿಸಿದೆ. ದೀಪಾ ಏನೋ ಮಾಡ್ರಿ ಅಂತ ಬರದೈತಿ ಅಂದ. ನನಗ ಎದಿ ಧಸಕ್ ಅಂತು. ಎಲ್ಲಾ ಕೆರದ ಒಗದೆ.”

“ಅತ್ತಿ, ಸರ್‌ಗೆ ಗೊತ್ತಾದ್ರ ನಿನ್ನ ಕೆಲಸದಾಗಿಂದ ತಗೀತಾರ.”

“ತಗೀಲಿ.” ರೊಟ್ಟಿ ಹಂಚಿಗೆ ಬಿತ್ತು. “ಬ್ಯಾರೆ ಕಡೆ ಕಸಾ ಹೊಡೀತೇನಿ. ದಿನಾ ಅಷ್ಟು ಹುಡುಗೂರು ಬಂದು ಕುಂತ ಎದ್ದ ಹೋಗೂ ಮನೀನ ಸಂಜೀಕ ಕತ್ತಲ್ಯಾಗ ಇಟ್ಟು, ನಾ ಬಾಗಲಾ ಹಾಕ್ಕೊಂಡು ಹ್ಯಾಂಗ ಮಲಗಲಿ?”

“ಮನ್ಯಾಗಾದ್ರ ನೀ ಎಲ್ಲಾ ಕ್ವಾಣಿಗೂ ಹಚ್ಚತಿದ್ದಿ ಏನು?”

“ಮನ್ಯಾಗ ಯಾಕ ಹಚ್ಚಲಿ? ಮನ್ಯಾಗ ಜಗಲಿ ಇರತೈತಿ. ಜಗಲಿ ಮ್ಯಾಲ ಒಂದ ಹಚ್ಚಿದ್ರ ಇಡೀ ಮನಿಗೆ ಹಚ್ಚಿಧಾಂಗ. ಈ ನಿಮ್ಮ ಕಟ್ಟಡಕ್ಕ ಜಗಲಿ ಎಲ್ಲೈತಿ? ನಾ ಬಂದಾಗಿಂದ ಹುಡುಕೇನಿ. ಸಿಗಲಿಲ್ಲ. ಅದಕ್ಕ ಎಲ್ಲಾ ಕಡೆ ಹಚ್ಚತೇನಿ. ನೀವು ಕಟ್ಟಡಾ ಓದಾವ್ರು ಅಲ್ಲ? ಜಗಲಿ ತೋರಸ್ರಿ. ಅಲ್ಲಿ ಒಂದ ಹಚ್ಚತೇನಿ.”

ಮರುದಿನ ನಾವು ಮೂವರು ಭಾವೀ ಇಂಜಿನಿಯರುಗಳು ಕಟ್ಟಡದ ನಕಾಶೆ ಹಾಸಿಕೊಂಡು ಜಗಲಿ ಹುಡುಕಲು ಕೂತೆವು. ಪ್ರಿನ್ಸಿಪಾಲರ ಕೋಣೆ ಎಂದ ಇರ್ಫಾನ್. “ಅಲ್ಲಿ ಹೋಗಿ ಕೈ ಮುಗ್ಯಾಕ ಹುಡುಗೂರು ಅಂಜತಾರ. ಜಗಲಿಗೆ ಯಾರಾರ ಅಂಜತಾರೇನು?” ಎಂದಳು ಶಿವಲೀಲಾ. ಆಫೀಸು ಎಂದರೆ ಅಲ್ಲಿ ಫೀ ಕಟ್ಟುತ್ತೇವೆ. ಲ್ಯಾಬು ಎಂದರೆ ಯಾವ ಲ್ಯಾಬು? ಸಿವಿಲ್‌ನವರಿಗೆ ಕೊಟ್ಟರೆ ಮೆಕ್ಯಾನಿಕಲ್‌ನವರು ಬಿಡುತ್ತಾರೆಯೆ? ನಗೆಯಾಡುತ್ತಲೇ ಶುರು ಮಾಡಿದ್ದು, ನಡುವೆ ಎಲ್ಲೋ ನಗೆ ಹೋಗಿತ್ತು. ಒಂದು ಕಟ್ಟಡ ಯಾಕೆ ನಿಂತಿದೆ, ಅದರ ಮೈಯಲ್ಲಿ ಯಾವ ಜಾಗ ಹೋದರೆ ಉಳಿದದ್ದೆಲ್ಲ ಬರೀ ಗೋಡೆ ಎಂದು ಯಾವ ಪುಸ್ತಕವೂ ನಮ್ಮನ್ನು ಕೇಳಿರಲಿಲ್ಲ.

“ಓದೂ ಕ್ವಾಣಿ,” ಎಂದೆ ನಾನು. ಕೆಳಗಿನ ಮಹಡಿಯಲ್ಲಿ, ಎದುರಿನ ಗುಡ್ಡದ ಕಡೆಯ ಮೂಲೆ. ಉದ್ದನೆಯ ಮೇಜು, ಸುತ್ತ ಕುರ್ಚಿಗಳು, ಒಂದು ದೊಡ್ಡ ಕಿಟಕಿ. ಸಂಜೆ ಐದಕ್ಕೆ ಬೀಗ ಬೀಳುತ್ತಿದ್ದ ಕೋಣೆ. ಇರ್ಫಾನ್ ನಕಾಶೆಯಲ್ಲಿ ಅದರ ಸುತ್ತ ಗೆರೆ ಎಳೆದ.

ಅತ್ತಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಬಾಗಿಲಲ್ಲಿ ನಿಂತು ನೋಡಿದಳು. ಮೇಜಿನ ಮೇಲೆ ಯಾರೋ ಬಿಟ್ಟುಹೋದ ಪುಸ್ತಕವನ್ನು ಮುಚ್ಚಿ ನೆಟ್ಟಗೆ ಇಟ್ಟಳು. ಬಾಗಿಲ ಹೊರಗೆ ಹೋಗಿ ಚಪ್ಪಲಿ ಕಳಚಿ ಮತ್ತೆ ಒಳಗೆ ಬಂದಳು. ಒಪ್ಪಿದಳು ಎಂದು ನನಗೆ ಗೊತ್ತಾದದ್ದು ಆ ಚಪ್ಪಲಿಯಿಂದ. ಅವತ್ತು ಸಂಜೆ ಅಲ್ಲಿ ಮಾತ್ರ ದೀಪ ಹಚ್ಚಿದಳು. ಗುಡ್ಡ ಕರಗಿ ಒಂದು ಇರುವೆ ಗೂಡಿನಷ್ಟಾಯಿತು. ದೀಪವನ್ನು ಸುಮ್ಮನೆ ಯಾಕೆ ಬಿಡುವುದೆಂದು ನಾನು ಪುಸ್ತಕ ತಂದು ಅದರ ಕೆಳಗೆ ಕೂತೆ. ಅತ್ತಿ ಅದನ್ನು ಶಾಂತ ಮಾಡಲು ಬರುವ ತನಕ ಕೂತೆ. ಹೇಗೆ ಕೂತೆ ಎಂದರೆ, ಜಗಲಿಯ ಮುಂದೆ ಕಾಲು ಅಲ್ಲಾಡಿಸುವುದು ನನಗೆ ಸಣ್ಣವಳಿದ್ದಾಗಿನಿಂದ ಬಾರದು.

ಗುಡ್ಡ ಕರಗಿದರೂ ಪ್ರಶ್ನೆ ಕರಗಲಿಲ್ಲ. ಪ್ರಾಜೆಕ್ಟಿನ ಕೊನೆಯ ಪರೀಕ್ಷೆಯ ದಿನ ಹೊರಗಿನಿಂದ ಬರಬೇಕಾದ ಪರೀಕ್ಷಕರು ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡು ತೀರ ತಡವಾಗಿ ಬಂದರು. ಸೆಮಿನಾರ್ ಹಾಲಿನಲ್ಲಿ ಬೇರೆಯವರದು ನಡೆದಿತ್ತು, ನಮ್ಮನ್ನು ಓದುವ ಕೋಣೆಗೆ ಕಳಿಸಿದರು. ಗೋಡೆಯ ಮೇಲೆ ನಮ್ಮ ಗೆರೆಗಳು. ಮೊದಲಿನದರಲ್ಲಿ ಗುಡ್ಡ, ಈಗಿನದರಲ್ಲಿ ಬಯಲು. ಪರೀಕ್ಷಕರು ಮೆಚ್ಚಿದರು. ಹೊರಗೆ ಬೆಳಕು ಕಂದುತ್ತಿತ್ತು. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಮುಂದೆ ಬಾಗಿದರು.

“ಅದೆಲ್ಲಾ ಛಲೋ ಆತು. ಯಾರು ಅಂತ ಹೇಳಲಿಲ್ಲ ನೀವು. ಸಂಜೀ ಕರೆಂಟ್ ಯಾರು ಸುಡ್ತಿದ್ರು?”

ಇರ್ಫಾನ್ ಮೀಟರನ್ನು ಒರೆಸತೊಡಗಿದ. ಶಿವಲೀಲಾ ಗೋಡೆಯ ಮೇಲಿನ ಹಾಳೆಯ ಮೂಲೆಯನ್ನು ಒತ್ತಿ ಅಂಟಿಸತೊಡಗಿದಳು.

“ಸರ್, ಅದು…” ಎಂದೆ.

“ಹೆದರಬ್ಯಾಡ. ಹೆಸರು ಹೇಳು.”

ಕೋಣೆ ಮಬ್ಬಾಗಿತ್ತು. ಬಾಗಿಲಲ್ಲಿ ಚಪ್ಪಲಿ ಕಳಚಿದ ಸದ್ದು. ಅತ್ತಿ ಒಳಗೆ ಬಂದಳು. ಪ್ರಿನ್ಸಿಪಾಲರಿದ್ದಾರೆ, ಪರೀಕ್ಷೆ ನಡೆದಿದೆ ಎಂಬುದನ್ನೆಲ್ಲ ನೋಡಿಯೂ ನೋಡದವಳ ಹಾಗೆ ಸೆರಗು ತಲೆ ಮೇಲೆ ಹೊದ್ದು, ಗೋಡೆಯ ಹತ್ತಿರ ಹೋಗಿ ಸ್ವಿಚ್ ಒತ್ತಿದಳು. ಟ್ಯೂಬು ಪಿಳುಕಿಸಿತು, ಪಿಳುಕಿಸಿತು, ಹತ್ತಿತು.

ಪರೀಕ್ಷಕರು ಪೆನ್ನು ಕೆಳಗಿಟ್ಟು ಕೈ ಜೋಡಿಸಿದರು. ಗೈಡ್ ಸರ್ ಎದೆ ಮುಟ್ಟಿಕೊಂಡರು. ಪ್ರಿನ್ಸಿಪಾಲರು ಕಣ್ಣು ಮುಚ್ಚಿ, ಎರಡೂ ಕೈ ಹಣೆಗೆ ಒತ್ತಿ, ತುಟಿಯಲ್ಲೇ ಏನೋ ಅಂದುಕೊಂಡರು. ಆ ಕೈ ಇಳಿಯುವ ಮೊದಲೇ ನಾನು ಹೇಳಿದೆ.

“ಸರ್, ಇದ ರೀ. ಆ ಗುಡ್ಡ ಅಂದ್ರ ಇದ.”

ಅವರ ಕೈ ಹಣೆಯ ಹತ್ತಿರವೇ ನಿಂತಿತು. ಅದನ್ನು ಬೇರೆ ಯಾರದೋ ಕೈ ಎನ್ನುವಂತೆ ನೋಡಿಕೊಂಡರು. ಸುತ್ತ ಕಣ್ಣಾಡಿಸಿದರು, ಎಲ್ಲರ ಕೈಗಳನ್ನೂ.

“ಏನವಾ, ನೀ ದಿನಾ ಹಚ್ಚತಿದ್ದೇನು? ಎಲ್ಲಾ ಕ್ವಾಣಿಗೂ?”

“ಹೂಂರಿ ಸಾಹೇಬ್ರ. ಈಗ ಇದೊಂದ. ಇದ ಜಗಲಿ ಅಂತ ಹುಡುಗೂರು ಹೇಳ್ಯಾರ.”

ಪ್ರಿನ್ಸಿಪಾಲರು ನಮ್ಮ ಕಡೆ ತಿರುಗಿದರು.

“ನಾ ಗೇಟಿನ ಹೊರಗ ಹಾಕ್ತೀನಿ ಅಂದಿದ್ದೆ, ಅಲ್ಲ?” ಎಂದರು. “ಇಲ್ಲಿ ಕುಂತಷ್ಟೂ ಮಂದೀನ ಹೊರಗ ಹಾಕಿದ್ರ ಕಾಲೇಜು ನಡಸಾವ್ರು ಯಾರು?” ಪರೀಕ್ಷಕರು ಜೋರಾಗಿ ನಕ್ಕರು. ನಗು ಅಡಗಿದ ಮೇಲೆ ಗೈಡ್ ಸರ್‌ಗೆ ಹೇಳಿದರು: “ಹೆಂಗೂ ಇಲ್ಲಿ ದೀಪಾ ಹಚ್ಚೂದು ತಪ್ಪೂದಿಲ್ಲ. ನಾಳಿಂದ ಈ ಕ್ವಾಣಿ ಸಂಜೀನೂ ತಗದಿರ್ಲಿ. ಓದಾವ್ರು ಓದ್ಲಿ.”

ಓದುವವರು ಓದಿದರು. ಕೌಜಲಗಿ ಕಡೆಯಿಂದ ಬರುತ್ತಿದ್ದ ಹುಡುಗರು ಕೊನೆಯ ಬಸ್ಸಿನ ತನಕ ಅಲ್ಲೇ ಇರುತ್ತಿದ್ದರು. ಉಳಿಸಿಕೊಂಡ ಎರಡು ವಿಷಯಕ್ಕೂ ನಾನು ಕೂತದ್ದು ಅದೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಫಲಿತಾಂಶ ಬಂದ ದಿನ ಶಿವಲೀಲಾ ಹುಕ್ಕೇರಿಯಿಂದ ಫೋನು ಮಾಡಿ, “ಪ್ರದಕ್ಷಿಣಿ ಬಿಟ್ಟ ಮ್ಯಾಲ ದೇವ್ರು ಒಲದ ನೋಡವಾ,” ಎಂದಳು. ಅವಳು ಅಳುತ್ತಿದ್ದಳು, ನಾನೂ.

ಪ್ರಮಾಣಪತ್ರ ಕೊಡುವ ದಿನ ಅತ್ತಿ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟಳು. ಅಪ್ಪ ಅವ್ವ ಮುಂದಿನ ಸಾಲಿನಲ್ಲಿ ಕೂರಲು ನಾಚಿ ಹಿಂದಿನ ಸಾಲಿಗೆ ಹೋದರು. ಕಾಕಾ ತಲೆಗೆ ಒಗೆದ ಪಟಕಾ ಸುತ್ತಿಕೊಂಡು, ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದಿದ್ದ. ಕುರ್ಚಿ ಕೊಟ್ಟರೆ ಬೇಡವೆಂದು ಕಂಬಕ್ಕೆ ಒರಗಿ ನಿಂತೇ ಇದ್ದ. ನನ್ನ ಹೆಸರು ಕರೆದರು. ನಮ್ಮ ಮನೆತನದ ಹೆಸರು ಅಂಥ ಮೈಕಿನಲ್ಲಿ ಹಿಂದೆಂದೂ ಕೇಳಿರಲಿಲ್ಲ. ಪ್ರಿನ್ಸಿಪಾಲರು ಪ್ರಮಾಣಪತ್ರ ಕೈಗಿಟ್ಟು, “ಗುಡ್ಡ ಕರಗಿಸಿದಾಕಿ,” ಎಂದು ಮೆಲ್ಲಗೆ ನಕ್ಕರು.

ಕೆಳಗಿಳಿದು ನೇರ ಕಂಬದ ಹತ್ತಿರ ಹೋದೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು.

“ಕಾಕಾ, ಈಗ ಎದ್ದೇನಿ ನೋಡ.”

ಕಾಕಾ ಪ್ರಮಾಣಪತ್ರವನ್ನು ಮುಟ್ಟಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು ಎದುರಿನ ಗುಡ್ಡದ ಕಡೆ ನೋಡಿದ.

“ನಾ ಅಂದದ್ದು ಸುಳ್ಳಾತು ಅಂತ ನನಗ ಇವತ್ತ ತಿಳದದ್ದಲ್ಲವಾ. ಮೊದಲ ಅಲ್ಲಿಂದ ನೋಡಿದ್ರ ಇಡೀ ಕಟ್ಟಡಾ ಝಗಝಗ ಅಂತಿತ್ತು. ಅದರಾಗ ನೀ ಎಲ್ಲಿ ಅದಿ, ಅದಿಯೋ ಇಲ್ಲೋ, ಯಾರಿಗೆ ಗೊತ್ತು? ಆಮ್ಯಾಲ ಒಂದ ಕಿಡಕಿ ಉಳೀತು, ಅದರಾಗ ನೀ. ಕುರಿ ಇಳಿಸಿಕೊಂಡ ಬಂದು ದಿನಾ ನೋಡ್ತಿದ್ದೆ. ಕುರಿ ಕುಂತ್ವು, ನಾಯಿ ಕುಂತು, ಕಡೀಕ ನಾನೂ ಬ್ಯಾಸತ್ತು ಕುಂತೆ… ಆ ಕಿಡಕಿ ಮಾತ್ರ ಏಳಲಿಲ್ಲ.”